ಗೋಲ್‌ಕೀಪರನನ್ನು ಅಳೆಯುವ ಬಗೆ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಬಿದ್ದವನಿಗೆ ಆಳಿಗೊಂದು ಕಲ್ಲು ಹಾಕುವುದೂ ರೂಢಿಯೇ. ಈ ಎರಡು ಮರ್ಯಾದೆಗಳೂ ಒಂದೇ ಸಂಜೆ ಒಬ್ಬನೇ ಮನುಷ್ಯನಿಗೆ ಸಲ್ಲುವುದಾದರೆ, ಅವನು ಹಾಕಿ ತಂಡದ ಗೋಲ್‌ಕೀಪರನೇ ಆಗಿರಬೇಕು. ಹೀಗೆಂದು ನನಗೆ ತೋರಿದ್ದು ಸವಳಂಗದ ಒಂದು ಚಹಾ ಅಂಗಡಿಯಲ್ಲಿ.

2024ನೆಯ ಇಸವಿ ಆಗಸ್ಟ್ 8ರ ಸಂಜೆ. ಮಳೆ ಹನಿಯುತ್ತಿತ್ತು. ಕಾಲೇಜಿನಿಂದ ಬಂದ ನಾವು ನಾಲ್ಕೈದು ಮಂದಿ ಬಸ್ಸಿಳಿದು ಮನೆಯ ಕಡೆ ಹೋಗುವ ಬದಲು ಅಂಗಡಿಯ ದೂರದರ್ಶನದ ಮುಂದೆ ಕುಳಿತೆವು. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕೂ ಸ್ಪೇನಿಗೂ ಕಂಚಿನ ಪದಕಕ್ಕಾಗಿ ಪಂದ್ಯ. ಭಾರತ 2–1ರಿಂದ ಗೆದ್ದಿತು. ಗೋಲಿನಲ್ಲಿ ನಿಂತಿದ್ದ ಪಿ. ಆರ್. ಶ್ರೀಜೇಶ್ ಅವರಿಗೆ ಅದೇ ಕೊನೆಯ ಪಂದ್ಯ. ಆಗ ಅವರಿಗೆ 36 ವರ್ಷ. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ಅರ್ಥಶಾಸ್ತ್ರ ಓದುವ ನಮ್ಮ ಗೆಳೆಯ ಲೋಟ ಕೆಳಗಿಟ್ಟು ಕೇಳಿದ: "ಅದೆಲ್ಲ ಸರಿ ಮಾರಾಯ, ಆದರೆ ಈತ ನಿಜವಾಗಿ ಜಗತ್ತಿನ ಅಗ್ರಪಂಕ್ತಿಯ ಗೋಲ್‌ಕೀಪರನೇ? ಅಥವಾ ಬಹಳ ದಿನ ಆಡಿದ್ದರಿಂದ ಹಾಗೆ ಕಾಣುತ್ತಾನೋ?"

ಇತಿಹಾಸ ಓದುವ ಇನ್ನೊಬ್ಬ ಗೆಳೆಯನಿಗೆ ಸಿಟ್ಟು ಬಂತು. ವಾದ ಬೆಳೆಯಿತು. ಆ ವಾದದ ಸಾರವನ್ನೂ, ಬಳಿಕ ನಾನು ಓದಿ ತಿಳಿದುಕೊಂಡ ನಾಲ್ಕು ಸಂಗತಿಗಳನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಅರ್ಥಶಾಸ್ತ್ರದ ಗೆಳೆಯನ ವಾದವನ್ನು ಕೇಳೋಣ. ಅದು ಹಗುರವಾದ ವಾದವಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಭಾರತ 8 ಪಂದ್ಯಗಳನ್ನಾಡಿ 23 ಗೋಲುಗಳನ್ನು ಬಿಟ್ಟುಕೊಟ್ಟಿತು. ಅಂದರೆ ಪಂದ್ಯಕ್ಕೆ ಹತ್ತಿರ ಹತ್ತಿರ ಮೂರು. ಆಸ್ಟ್ರೇಲಿಯಾ ಒಂದೇ ಪಂದ್ಯದಲ್ಲಿ 7 ಹಾಕಿತು, ಸೆಮಿಫೈನಲಿನಲ್ಲಿ ಬೆಲ್ಜಿಯಂ 5 ಹಾಕಿತು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲಿನಲ್ಲಿ ಇದೇ ಶ್ರೀಜೇಶ್ ನಾಯಕರಾಗಿದ್ದಾಗ ಶೂಟೌಟಿನಲ್ಲಿ ಮಲೇಷ್ಯಾದ ಎದುರು 6–7ರಿಂದ ಸೋತದ್ದುಂಟು. ವಿಶ್ವಕಪ್ ಪದಕವೂ ಅವರ ಕೊರಳಿಗೆ ಬೀಳಲಿಲ್ಲ. ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಅವರನ್ನು 2021, 2022 ಮತ್ತು 2024ರಲ್ಲಿ ವರ್ಷದ ಶ್ರೇಷ್ಠ ಗೋಲ್‌ಕೀಪರ್ ಎಂದು ಆರಿಸಿತು, ನಿಜ. ಆದರೆ ಆ ಆಯ್ಕೆಯಲ್ಲಿ ಅಭಿಮಾನಿಗಳ ಮತವೂ ಸೇರುತ್ತದೆ. ನಮ್ಮ ದೇಶದಲ್ಲಿ ಮತಗಳಿಗೆ ಬರವೇ? 2021ರ ಪ್ರಶಸ್ತಿಗಳೆಲ್ಲ ಭಾರತದ ಆಟಗಾರರ ಪಾಲಾದಾಗ, ಆ ಒಲಿಂಪಿಕ್ಸಿನ ಚಿನ್ನ ಗೆದ್ದಿದ್ದ ಬೆಲ್ಜಿಯಂ ಬಹಿರಂಗವಾಗಿಯೇ ಅಸಮಾಧಾನ ತೋರಿಸಿತು. ಬೆಲ್ಜಿಯಂ ಗೋಲಿನಲ್ಲಿದ್ದ ವಿನ್ಸೆಂಟ್ ವಾನಾಶ್ ಅವರ ಬಳಿ 2018ರ ವಿಶ್ವಕಪ್ ಇತ್ತು, ಟೋಕಿಯೋದ ಚಿನ್ನವೂ ಇತ್ತು.

"ಲೆಕ್ಕ ಸುಳ್ಳು ಹೇಳುವುದಿಲ್ಲ" ಎಂದು ಗೆಳೆಯ ಮುಗಿಸಿದ.

ಲೆಕ್ಕ ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ಯಾವುದರ ಲೆಕ್ಕ ಎಂಬುದನ್ನು ನಾವು ಮೊದಲು ಗೊತ್ತುಮಾಡಿಕೊಳ್ಳಬೇಕು. ಗೋಲ್‌ಕೀಪರನ ಕೆಲಸವೇನು ಎಂಬುದನ್ನು ತಿಳಿಯದೆ ಅವನ ಕೂಲಿಯನ್ನು ಎಣಿಸಲಾಗದು.

ಹಾಕಿಯ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಅದರ ಮುಂದೆ ಇಂಗ್ಲಿಷಿನ 'ಡಿ' ಅಕ್ಷರದ ಆಕಾರದಲ್ಲಿ ಒಂದು ಗೆರೆ. ಗೋಲಿನ ಕಂಬದಿಂದ ಅದಕ್ಕೆ 14.63 ಮೀಟರ್ ದೂರ. ಆ ಗೆರೆಯ ಒಳಗಿನಿಂದ ಹೊಡೆದ ಚೆಂಡು ಮಾತ್ರ ಗೋಲಾಗಬಲ್ಲದು. ಅಲ್ಲಿ ಗೋಲ್‌ಕೀಪರನೊಬ್ಬನಿಗೆ ಮಾತ್ರ ಕಾಲಿನಿಂದ, ಮೈಯಿಂದ, ಕೈಯಿಂದ ಚೆಂಡನ್ನು ತಡೆಯುವ ಹಕ್ಕು. ಎದುರು ತಂಡಕ್ಕೆ ಪೆನಾಲ್ಟಿ ಕಾರ್ನರ್ ದೊರೆತರೆ ಗೋಲ್‌ಕೀಪರನೂ ಸೇರಿ ಐವರು ಮಾತ್ರ ಗೋಲನ್ನು ಕಾಯಬೇಕು. ಅಂಚಿನಿಂದ ತಳ್ಳಿದ ಚೆಂಡನ್ನು ಡಿಯ ಹೊರಗೆ ನಿಲ್ಲಿಸಿ, ಒಳಗೆ ತಂದು, ಕೋಲಿನಿಂದ ಎಳೆದು ಬೀಸುವ ಹೊಡೆತಕ್ಕೆ ಡ್ರ್ಯಾಗ್ ಫ್ಲಿಕ್ ಎಂದು ಹೆಸರು. ಅದರ ವೇಗ ಗಂಟೆಗೆ 100 ಕಿಲೋಮೀಟರನ್ನು ದಾಟುವುದುಂಟು.

ಇಲ್ಲಿ ಸ್ವಲ್ಪ ಗಣಿತ ಮಾಡೋಣ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಡಿಯ ಅಂಚಿನಿಂದ ಹೊರಟ ಚೆಂಡು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ ಗೋಲಿನಲ್ಲಿರುತ್ತದೆ. ಕಂಡದ್ದನ್ನು ಮಿದುಳು ಅರಿತು ಕೈಕಾಲಿಗೆ ಆಜ್ಞೆ ಕೊಡುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಪಾಲು ಕಳೆದುಹೋಗಿರುತ್ತದೆ. ಉಳಿದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಷ್ಟರಲ್ಲಿ, ಭಾರವಾದ ಪ್ಯಾಡು ಕಟ್ಟಿಕೊಂಡ ಮನುಷ್ಯ ಎರಡು ಮೀಟರ್ ಆಚೆಯ ಮೂಲೆಗೆ ಹಾರಬೇಕು. ಚೆಂಡನ್ನು ನೋಡಿ ಹಾರುವವನು ತಡವಾಗಿಯೇ ಹಾರುತ್ತಾನೆ. ಆದುದರಿಂದ ಒಳ್ಳೆಯ ಗೋಲ್‌ಕೀಪರನು ಚೆಂಡನ್ನು ನೋಡುವುದಕ್ಕಿಂತ ಮುಂಚೆ ಹೊಡೆಯುವವನ ಭುಜವನ್ನು, ಪಾದವನ್ನು, ಕೋಲು ಹಿಡಿದ ಕೈಯನ್ನು ಓದುತ್ತಾನೆ. ಈ ಓದು ಒಂದೆರಡು ವರ್ಷದಲ್ಲಿ ಬರುವಂಥದಲ್ಲ. ಮುಂಚೂಣಿಯ ಆಟಗಾರನಿಗೆ ವಯಸ್ಸು ಶತ್ರುವಾದರೆ ಗೋಲ್‌ಕೀಪರನಿಗೆ ಅದು ಬಹುಕಾಲ ಸಹಾಯಕನಾಗಿರುತ್ತದೆ. "ಬಹಳ ದಿನ ಆಡಿದ್ದರಿಂದ" ಎಂದು ಗೆಳೆಯ ಹೀಯಾಳಿಸಿದ್ದು ವಾಸ್ತವದಲ್ಲಿ ಅರ್ಹತೆಯ ಒಂದು ಭಾಗವೇ ಆಗಿದೆ.

ಇನ್ನೊಂದು ವಿದ್ಯೆಯಿದೆ: ಮುಂದೆ ಬರುವುದು. ದೀಪದ ಎದುರು ಅಂಗೈ ಹಿಡಿದು ನೋಡಿ. ಗೋಡೆಗೆ ಹತ್ತಿರ ಹಿಡಿದರೆ ಅಂಗೈಯಷ್ಟೇ ನೆರಳು. ದೀಪಕ್ಕೆ ಹತ್ತಿರ ಒಯ್ದರೆ ಗೋಡೆಯೆಲ್ಲ ನೆರಳು. ಗೋಲ್‌ಕೀಪರನು ಗೆರೆಯ ಮೇಲೆ ನಿಂತರೆ ಅವನ ಎರಡು ಪಕ್ಕಕ್ಕೂ ಗೋಲು ತೆರೆದಿರುತ್ತದೆ. ಹೊಡೆಯುವವನ ಕಡೆಗೆ ನಾಲ್ಕು ಹೆಜ್ಜೆ ಬಂದರೆ ಗೋಲು ಕಿರಿದಾಗುತ್ತದೆ. ಆದರೆ ಬೇಗ ಬಂದರೆ ಚೆಂಡನ್ನು ಪಕ್ಕದವನಿಗೆ ತಳ್ಳಿಬಿಡುತ್ತಾರೆ, ತಡವಾಗಿ ಬಂದರೆ ಬಂದೂ ಪ್ರಯೋಜನವಿಲ್ಲ. ಯಾವ ಗಳಿಗೆಯಲ್ಲಿ ಹೊರಡಬೇಕೆಂಬುದೇ ಈ ವಿದ್ಯೆಯ ಜೀವ.

ಇಷ್ಟು ತಿಳಿದ ಮೇಲೆ ಅಳತೆಗೋಲುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯ ಅಳತೆ, ಬಿಟ್ಟುಕೊಟ್ಟ ಗೋಲುಗಳ ಸಂಖ್ಯೆ. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತ 38 ಗೋಲು ಹಾಕಿ ಒಂದನ್ನೂ ಬಿಟ್ಟುಕೊಡದೆ ಚಿನ್ನ ಗೆದ್ದಿತು. ಆ ತಂಡದಲ್ಲಿ ರಂಗನಾಥನ್ ಫ್ರಾನ್ಸಿಸ್ ಮತ್ತು ಶಂಕರ್ ಲಕ್ಷ್ಮಣ್ ಎಂಬ ಇಬ್ಬರು ಗೋಲ್‌ಕೀಪರುಗಳಿದ್ದರು. ಆದರೆ 38ರಲ್ಲಿ 14 ಗೋಲು ಆಫ್ಘಾನಿಸ್ತಾನದ ಮೇಲೆ, 16 ಗೋಲು ಅಮೆರಿಕದ ಮೇಲೆ ಬಂದವು. ಅಂಥ ಪಂದ್ಯಗಳ ಸೊನ್ನೆಯಿಂದ ಗೋಲ್‌ಕೀಪರನ ಬೆಲೆ ಗೊತ್ತಾಗದು. ಜರ್ಮನಿಯನ್ನೂ ಪಾಕಿಸ್ತಾನವನ್ನೂ 1–0ರಿಂದ ಸೋಲಿಸಿದ ಕೊನೆಯ ಎರಡು ಪಂದ್ಯಗಳ ಸೊನ್ನೆ ಬೇರೆ ಜಾತಿಯದು. ಸೊನ್ನೆ ಸೊನ್ನೆಗೂ ವ್ಯತ್ಯಾಸವುಂಟೆಂದು ಅರ್ಥಶಾಸ್ತ್ರದ ಗೆಳೆಯನೂ ಒಪ್ಪಬೇಕಾಯಿತು. 1964ರಲ್ಲಿ ಟೋಕಿಯೋದ ಫೈನಲಿನಲ್ಲಿ ಭಾರತ ಮತ್ತೆ ಪಾಕಿಸ್ತಾನವನ್ನು 1–0ರಿಂದ ಗೆದ್ದಾಗ, ಲಕ್ಷ್ಮಣರು ತಡೆದ ಹೊಡೆತಗಳನ್ನು ಕಂಡವರು ಯಾವ ಅಂಕಿಯ ಸಹಾಯವೂ ಇಲ್ಲದೆ ಅವರ ಬೆಲೆಯನ್ನು ಅರಿತರು.

ಎರಡನೆಯ ಅಳತೆ, ತಡೆದ ಹೊಡೆತಗಳ ಶೇಕಡಾವಾರು. ಇದು ಮೊದಲನೆಯದಕ್ಕಿಂತ ಮೇಲು. ಆದರೂ ಒಂದು ಉದಾಹರಣೆ ನೋಡಿ. ಒಬ್ಬ ಗೋಲ್‌ಕೀಪರನ ಮೇಲೆ ಹತ್ತು ಹೊಡೆತ ಬಂದು ಅವನು ಎಂಟನ್ನು ತಡೆದನೆನ್ನೋಣ, ಶೇಕಡಾ 80. ಇನ್ನೊಬ್ಬನು "ಎಡಕ್ಕೆ ಸರಿ, ಅವನನ್ನು ಹಿಡಿ" ಎಂದು ಕೂಗಿ ಕೂಗಿ ತನ್ನ ಹಿಂಬದಿಯ ಆಟಗಾರರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ, ಅವನ ಮೇಲೆ ಬಂದದ್ದು ನಾಲ್ಕೇ ಹೊಡೆತ, ತಡೆದದ್ದು ಮೂರು, ಶೇಕಡಾ 75. ಪಟ್ಟಿಯಲ್ಲಿ ಮೊದಲನೆಯವನು ಮೇಲು. ಆದರೆ ಅವನ ತಂಡ ಎರಡು ಗೋಲು ಬಿಟ್ಟಿದೆ, ಇವನ ತಂಡ ಒಂದೇ ಬಿಟ್ಟಿದೆ. ನಡೆಯದೇ ಹೋದ ಹೊಡೆತವನ್ನು ಬರೆದುಕೊಳ್ಳುವ ಕಾಲಂ ಯಾವ ಪುಸ್ತಕದಲ್ಲೂ ಇಲ್ಲ. ಶ್ರೀಜೇಶರ ಆಟ ನೋಡಿದವರಿಗೆ ಅವರ ಕಂಠ ಒಂದು ಕ್ಷಣವೂ ಬಿಡುವು ಪಡೆಯುತ್ತಿರಲಿಲ್ಲವೆಂಬುದು ಗೊತ್ತಿದೆ.

ಮೂರನೆಯ ಅಳತೆ, ಬಿಕ್ಕಟ್ಟಿನ ಗಳಿಗೆ. ಇದಕ್ಕೆ ನಮ್ಮ ನಾಡಿಗೆ ನಂಟುಳ್ಳ ಒಂದು ನಿದರ್ಶನವಿದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅಂಜಪರವಂಡ ಸುಬ್ಬಯ್ಯ ಮತ್ತು ಆಶಿಷ್ ಬಲ್ಲಾಳ್ ಗೋಲ್‌ಕೀಪರುಗಳಾಗಿದ್ದರು. ಕೊಡವ ಮನೆತನದ ಸುಬ್ಬಯ್ಯನವರು 1996ರ ಅಟ್ಲಾಂಟಾಕ್ಕೂ ಹೋದರು. ಭಾರತ ಬಾರ್ಸಿಲೋನಾದಲ್ಲಿ ಏಳನೆಯದಾಯಿತು, ಅಟ್ಲಾಂಟಾದಲ್ಲಿ ಎಂಟನೆಯದು. ಏಳನೆಯ ಸ್ಥಾನದ ತಂಡದ ಗೋಲ್‌ಕೀಪರ್ ಅಗ್ರಪಂಕ್ತಿಯವನೇ ಎಂದು ಯಾವ ಚಹಾ ಅಂಗಡಿಯಲ್ಲೂ ಚರ್ಚೆಯಾಗುವುದಿಲ್ಲ. 1998ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದ ಫೈನಲ್ ದಕ್ಷಿಣ ಕೊರಿಯಾದೊಂದಿಗೆ 1–1 ಸಮವಾಗಿ ಪೆನಾಲ್ಟಿ ಸ್ಟ್ರೋಕಿಗೆ ಹೋಯಿತು. ಆಗ ಬಲ್ಲಾಳರು ಗೋಲಿನಲ್ಲಿ ನಿಂತು ಕೊರಿಯದ ಹೊಡೆತಗಳನ್ನು ತಡೆದರು. ಭಾರತ 4–2ರಿಂದ ಗೆದ್ದಿತು. 1966ರ ಬಳಿಕ, ಅಂದರೆ 32 ವರ್ಷಗಳ ಮೇಲೆ ಬಂದ ಚಿನ್ನ ಅದು. ಆದರೆ ಮುಂದಿನ ಸರಣಿಯ ತಂಡ ಪ್ರಕಟವಾದಾಗ ಧನರಾಜ್ ಪಿಳ್ಳೆಯವರೂ ಬಲ್ಲಾಳರೂ ಸೇರಿ ಹಲವು ಹಿರಿಯರ ಹೆಸರೇ ಇರಲಿಲ್ಲ!

ಬಲ್ಲಾಳರ ಕಾಲದ ಸ್ಟ್ರೋಕಿಗೂ ಈಗಿನ ಶೂಟೌಟಿಗೂ ವ್ಯತ್ಯಾಸವಿದೆ. ಸ್ಟ್ರೋಕಿನಲ್ಲಿ ಗೋಲ್‌ಕೀಪರನು ಗೆರೆ ಬಿಡದೆ ನಿಂತು, ಆರು ಮೀಟರ್ ಚಿಲ್ಲರೆ ದೂರದ ಚೆಂಡನ್ನು ತಡೆಯಬೇಕು. ಮೂರು ಪಾಲು ಊಹೆ. ಶೂಟೌಟಿನಲ್ಲಿ ಎದುರಾಳಿ 23 ಮೀಟರ್ ಗೆರೆಯಿಂದ ಚೆಂಡನ್ನು ಹೊಡೆದುಕೊಂಡು ಬರುತ್ತಾನೆ. 8 ಸೆಕೆಂಡಿನಲ್ಲಿ ಗೋಲು ಹಾಕಬೇಕು. ಇಲ್ಲಿ ಗೋಲ್‌ಕೀಪರನ ಆಯುಧ ತಾಳ್ಮೆ. ಮೊದಲು ಬಿದ್ದವನು ಸೋತ. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಪಾಕಿಸ್ತಾನದ ಎದುರು ಶ್ರೀಜೇಶ್ ಇಬ್ಬರನ್ನು ತಡೆದು, 1998ರ ಬಳಿಕ ಮೊದಲ ಚಿನ್ನವನ್ನು ತಂದರು. 2021ರ ಟೋಕಿಯೋದಲ್ಲಿ ಜರ್ಮನಿಯ ಎದುರು 5–4ರ ಮುನ್ನಡೆ. ಏಳು ಸೆಕೆಂಡಿಗೂ ಕಡಿಮೆ ಹೊತ್ತು ಉಳಿದಿರುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್. ಅದನ್ನು ತಡೆದದ್ದರಿಂದ 41 ವರ್ಷಗಳ ಮೇಲೆ ಭಾರತಕ್ಕೆ ಒಲಿಂಪಿಕ್ ಹಾಕಿ ಪದಕ ಬಂತು. 2024ರ ಪ್ಯಾರಿಸ್ ಕ್ವಾರ್ಟರ್ ಫೈನಲಿನಲ್ಲಿ ಅಮಿತ್ ರೋಹಿದಾಸ್ ಕೆಂಪು ಚೀಟಿ ಪಡೆದು ಹೊರಹೋದ ಮೇಲೆ ನಲವತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತು ಜನರೊಡನೆ ಆಡಿ, ಬ್ರಿಟನ್ನನ್ನು 1–1ರಲ್ಲಿ ಹಿಡಿದು, ಶೂಟೌಟಿನಲ್ಲಿ 4–2ರಿಂದ ಗೆದ್ದದ್ದು ಎಲ್ಲರಿಗೂ ನೆನಪಿದೆ.

"ಆ ಶೂಟೌಟಿನಲ್ಲಿ ಬ್ರಿಟನ್ನಿನ ಒಂದು ಚೆಂಡು ಗೋಲಿನ ಮೇಲೆ ಹಾರಿಹೋಯಿತು. ಅದನ್ನೂ ಈತನ ಖಾತೆಗೆ ಬರೆಯುವಿರಾ?" ಎಂದ ಅರ್ಥಶಾಸ್ತ್ರದ ಗೆಳೆಯ.

ನ್ಯಾಯವಾದ ಪ್ರಶ್ನೆ. ಪೂರ್ತಿ ಬರೆಯಲಾಗದು. ಆದರೆ ಎದುರಿಗೆ ನಿಂತವನು ಬೀಳದೆ, ದಾರಿ ಕೊಡದೆ ಕಾದಾಗ ಹೊಡೆಯುವವನು ಅವಸರಕ್ಕೆ ಬಿದ್ದು ಎತ್ತಿ ಹೊಡೆಯುತ್ತಾನೆ. ಅರ್ಧ ಖಾತೆಗಾದರೂ ಬರೆಯಬಹುದೆಂದು ನನ್ನ ಅಭಿಪ್ರಾಯ. ಹಾಗೆಯೇ ಜಕಾರ್ತಾದ ಸೋಲನ್ನೂ ಅದೇ ಖಾತೆಯ ಇನ್ನೊಂದು ಮಗ್ಗುಲಿಗೆ ಬರೆಯಲೇಬೇಕು. ಬಿಕ್ಕಟ್ಟಿನ ಗಳಿಗೆಗಳಲ್ಲಿ ಸದಾ ಗೆಲ್ಲುವವನು ಕಥೆಯಲ್ಲಿ ಮಾತ್ರ ಸಿಗುತ್ತಾನೆ.

ಈ ಹೊತ್ತಿಗೆ ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹಿರಿಯರು ಬಾಯಿ ತೆರೆದರು. ನಿವೃತ್ತ ವ್ಯಾಯಾಮ ಶಿಕ್ಷಕರು. ನಮ್ಮಲ್ಲಿ ಇಬ್ಬರಿಗೆ ಶಾಲೆಯಲ್ಲಿ ಕವಾಯತು ಕಲಿಸಿದವರು. "ನೀವು ಏಳು ಗೋಲಿನ ಮಾತಾಡಿದಿರಿ. ಅದರ ಮರುಪಂದ್ಯ ಏನಾಯಿತು ಹೇಳಿ ನೋಡೋಣ" ಎಂದರು.

ನಮಗೆ ತಿಳಿಯಲಿಲ್ಲ. ಅಂದು ರಾತ್ರಿ ಹುಡುಕಿ ನೋಡಿದೆ. 2021ರ ಜುಲೈ 25ರಂದು ಆಸ್ಟ್ರೇಲಿಯಾ 7–1ರಿಂದ ಗೆದ್ದಿತು. ಎರಡು ದಿನ ಬಿಟ್ಟು, ಜುಲೈ 27ರಂದು ಭಾರತ ಸ್ಪೇನನ್ನು 3–0ರಿಂದ ಸೋಲಿಸಿತು. ಏಳು ಗೋಲು ತಿಂದ ಗೋಲಿನೊಳಕ್ಕೆ ಒಂದೂ ಹೋಗಲಿಲ್ಲ. ಅದಾಗಿ ಒಂಬತ್ತನೆಯ ದಿನ ಕಂಚು.

ಮೇಷ್ಟರ ಪ್ರಶ್ನೆಯ ಆಳ ಆಗ ತಿಳಿಯಿತು. ಏಕೆಂದರೆ ನಮ್ಮ ದೇಶ ಇನ್ನೊಂದು 7–1ನ್ನು ಕಂಡಿದೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲಿನಲ್ಲಿ ಪಾಕಿಸ್ತಾನ ಭಾರತವನ್ನು ಅದೇ ಅಂತರದಿಂದ ಸೋಲಿಸಿತು. ಗೋಲಿನಲ್ಲಿದ್ದವರು ಮೀರ್ ರಂಜನ್ ನೇಗಿ. ಹನ್ನೊಂದು ಜನ ಸೋತ ಪಂದ್ಯದ ಭಾರವನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟಿದರು. ಹಣ ತಿಂದು ಪಂದ್ಯ ಬಿಟ್ಟುಕೊಟ್ಟರೆಂದೂ ಆಡಿಕೊಂಡರು. ಅದಕ್ಕೆ ಯಾವ ಆಧಾರವೂ ಸಿಗಲಿಲ್ಲ. ಶ್ರೀಜೇಶರಿಗೆ ಎರಡೇ ದಿನದಲ್ಲಿ ದೊರೆತ ಮರುಪಂದ್ಯ ನೇಗಿಯವರಿಗೆ ದೊರೆಯಲಿಲ್ಲ. ಅವರು ಕಾದದ್ದು 16 ವರ್ಷ. 1998ರಲ್ಲಿ ಬ್ಯಾಂಕಾಕಿನಲ್ಲಿ ಚಿನ್ನ ಗೆದ್ದ ತಂಡದ ಗೋಲ್‌ಕೀಪಿಂಗ್ ತರಬೇತುದಾರರು ಈ ನೇಗಿಯವರೇ. ಬಲ್ಲಾಳರು ಆ ಸ್ಟ್ರೋಕುಗಳನ್ನು ತಡೆದಾಗ ಅವರು ತಂಡದೊಂದಿಗಿದ್ದರು.

ಆದುದರಿಂದ ನಾಲ್ಕನೆಯ ಅಳತೆಯೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದೆಂದು ನನಗೆ ತೋರುತ್ತದೆ: ತಪ್ಪಾದ ಮೇಲಿನ ಚೆಂಡು. ಮುಂಚೂಣಿಯವನು ಹತ್ತು ಅವಕಾಶ ಕಳೆದು ಹನ್ನೊಂದನೆಯದರಲ್ಲಿ ಗೋಲು ಹಾಕಿದರೆ ವೀರ. ಗೋಲ್‌ಕೀಪರನು ಹತ್ತನ್ನು ತಡೆದು ಹನ್ನೊಂದನೆಯದನ್ನು ಬಿಟ್ಟರೆ ದ್ರೋಹಿ. ಹೀಗೆ ತಪ್ಪಿನ ಗುರುತು ಬೆನ್ನಿನ ಹಿಂದಿನ ಬಲೆಯಲ್ಲೇ ಬಿದ್ದಿರುವಾಗ, ಅದನ್ನು ಎತ್ತಿ ಕೊಟ್ಟು ಮತ್ತೆ ಅದೇ ಜಾಗದಲ್ಲಿ ಅದೇ ಧೈರ್ಯದಿಂದ ನಿಲ್ಲುವುದು ಸಾಮಾನ್ಯ ಕೆಲಸವಲ್ಲ. 2006ರಲ್ಲಿ ಹಿರಿಯರ ತಂಡಕ್ಕೆ ಬಂದ ಶ್ರೀಜೇಶ್ 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾದಾಗ ತಂಡದಲ್ಲಿದ್ದರು. 2017ರಲ್ಲಿ ಮಂಡಿಯ ಪೆಟ್ಟಿನಿಂದ ಬಹುಕಾಲ ಹೊರಗುಳಿದರು. ಮತ್ತೆ ಬಂದು 330ಕ್ಕೂ ಹೆಚ್ಚು ಅಂತರರಾಷ್ಟ್ರೀಯ ಪಂದ್ಯಗಳ ಲೆಕ್ಕ ಮುಗಿಸಿದರು. ಟೋಕಿಯೋದ 8 ಪಂದ್ಯಗಳಲ್ಲಿ 23 ಗೋಲು ಬಿಟ್ಟ ಭಾರತ, ಪ್ಯಾರಿಸ್ಸಿನ 8 ಪಂದ್ಯಗಳಲ್ಲಿ ಬಿಟ್ಟದ್ದು 12. ಇದರಲ್ಲಿ ಇಡೀ ತಂಡದ ಪಾಲಿದೆ. ಆದರೆ ವಯಸ್ಸು ಮೂರು ವರ್ಷ ಏರಿದ ಗೋಲ್‌ಕೀಪರನ ಕೈಕಾಲು ಕುಂದಿರಲಿಲ್ಲವೆಂಬುದಕ್ಕೂ ಇದು ಸಾಕ್ಷಿ.

ಇನ್ನು ವಾನಾಶರ ಮಾತು. ಅವರು ಗೆದ್ದದ್ದು ಹೆಚ್ಚು, ಸಂಶಯವಿಲ್ಲ. ಅವರ ಮುಂದಿದ್ದ ರಕ್ಷಣೆಯೂ ಹೆಚ್ಚು ಗಟ್ಟಿ. ಆದರೆ "ಅಗ್ರಪಂಕ್ತಿ" ಎಂಬ ನಮ್ಮ ಮಾತನ್ನೇ ನೋಡಿ. ಒಂದೇ ಎಲೆ ಹಾಕಿದರೆ ಅದಕ್ಕೆ ಯಾರೂ ಪಂಕ್ತಿ ಎನ್ನುವುದಿಲ್ಲ. ಮೊದಲ ಪಂಕ್ತಿಯಲ್ಲಿ ವಾನಾಶರ ಎಲೆ ಇದೆ ಎಂದ ಮಾತ್ರಕ್ಕೆ ಶ್ರೀಜೇಶರ ಎಲೆಯನ್ನು ಎತ್ತಬೇಕಾಗಿಲ್ಲ. ನಾಲ್ಕು ಅಳತೆಗಳನ್ನೂ ಹಿಡಿದು ನೋಡಿದ ಮೇಲೆ ನನ್ನ ತೀರ್ಪು ಇಷ್ಟು: ಶ್ರೀಜೇಶ್ ಅಗ್ರಪಂಕ್ತಿಯವರು, ಆದರೆ ಆ ಪಂಕ್ತಿಯಲ್ಲಿ ಒಬ್ಬರೇ ಕುಳಿತವರಲ್ಲ. ಅರ್ಥಶಾಸ್ತ್ರದ ಗೆಳೆಯ ಇದರ ಮೊದಲರ್ಧವನ್ನು ಇನ್ನೂ ಪೂರ್ತಿ ಒಪ್ಪಿಲ್ಲ. ಇತಿಹಾಸದ ಗೆಳೆಯ ಎರಡನೆಯರ್ಧವನ್ನು ಒಪ್ಪಿಲ್ಲ.

ಅದಿರಲಿ. ಶ್ರೀಜೇಶರಿಗೆ ಸಲ್ಲಬೇಕಾದ ಗೌರವ ಸಂದಿದೆ: ಖೇಲ್ ರತ್ನ ಬಂತು, 2025ರಲ್ಲಿ ಪದ್ಮಭೂಷಣ ಬಂತು, ಹಿರಿಯರ ತಂಡದಲ್ಲಿ ಅವರ 16ನೆಯ ಸಂಖ್ಯೆಯ ಅಂಗಿಯನ್ನು ಇನ್ನೊಬ್ಬರಿಗೆ ಕೊಡದೆ ಗೌರವಿಸಲಾಯಿತು. ಎಲ್ಲರಿಗೂ ಹೀಗಾಗಲಿಲ್ಲ. ಮೂರು ಒಲಿಂಪಿಕ್ಸಿನಲ್ಲಿ ಗೋಲು ಕಾದು, 1966ರ ಏಷ್ಯನ್ ಚಿನ್ನಕ್ಕೆ ನಾಯಕನಾಗಿ, ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿದಳದಿಂದ ಕ್ಯಾಪ್ಟನ್ ಆಗಿ ನಿವೃತ್ತರಾದ ಶಂಕರ್ ಲಕ್ಷ್ಮಣರು, 2006ರಲ್ಲಿ ಕಾಲಿನ ಗ್ಯಾಂಗ್ರಿನ್ ರೋಗದಿಂದ ಬಡತನದಲ್ಲೇ ಕಣ್ಮುಚ್ಚಿದರು.

ಮಳೆ ನಿಂತು ನಾವು ಹೊರಟಾಗ ಮೇಷ್ಟರು ಕೆರೆ ಏರಿಯ ಕಡೆಗೆ ನಮ್ಮೊಡನೆ ನಡೆದರು. "ಹಿಂದೆ ಊರೂರಿಗೆ ನೀರುಗಂಟಿ ಇರುತ್ತಿದ್ದ. ತೂಬು ನೋಡುವುದು, ಏರಿ ನೋಡುವುದು ಅವನ ಕೆಲಸ. ಏರಿ ಗಟ್ಟಿಯಾಗಿರುವಷ್ಟು ದಿನ ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ" ಎಂದರು. ಸ್ವಲ್ಪ ದೂರ ಹೋದ ಮೇಲೆ, ತಾವೂ ಓದುವ ಕಾಲದಲ್ಲಿ ಕಾಲೇಜು ತಂಡದ ಗೋಲಿನಲ್ಲಿ ನಿಂತದ್ದನ್ನೂ, ಒಂದು ಪಂದ್ಯದ ಕೊನೆಯಲ್ಲಿ ಕಾಲ ಸಂದಿಯಲ್ಲಿ ಚೆಂಡು ನುಸುಳಿದ್ದನ್ನೂ ಹೇಳಿದರು. "ಸೋತದ್ದಕ್ಕೆ ಅಲ್ಲ ಕಣ್ರಪ್ಪ, ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬನೂ ನನ್ನ ಪಕ್ಕ ಕೂರಲಿಲ್ಲ. ಆಮೇಲೆ ನಾನು ಪ್ಯಾಡು ಕಟ್ಟಲೇ ಇಲ್ಲ" ಎಂದರು.

ನಮ್ಮ ಕಾಲೇಜಿನ ಆಟದ ಮೈದಾನದಲ್ಲಿಯೂ ಓಡಲಾರದವನನ್ನು ಗೋಲಿಗೆ ನಿಲ್ಲಿಸುವ ಪದ್ಧತಿಯಿದೆ. ಸೋತರೆ ಅವನನ್ನೇ ಬೈಯುವ ಪದ್ಧತಿಯೂ ಇದೆ. ಅಗ್ರಪಂಕ್ತಿಯವರನ್ನು ಗುರುತಿಸುವುದು ಪಂಡಿತರಿಗೆ ಬಿಟ್ಟ ವಿಷಯವಾಗಲಿ. ಮುಂದಿನ ಅಂತರ ಕಾಲೇಜು ಪಂದ್ಯದಿಂದ ಸೋತು ಹಿಂದಿರುಗುವ ಸಂದರ್ಭ ಬಂದರೆ, ಬಸ್ಸಿನಲ್ಲಿ ಗೋಲ್‌ಕೀಪರನ ಪಕ್ಕದ ಜಾಗ ಖಾಲಿ ಬಿಡಬೇಡಿರೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.